ಸಣ್ಣ ಮಿಲ್ಲಿಂಗ್ ಮಷೀನಿಗೆ ಡಿಆರ್‌ಒ: ಎರಡು ಭಾನುವಾರ ಬ್ರಾಕೆಟ್ಟಿಗೇ ಎತ್ತಿಡಿ

ಪ್ರಶ್ನೆ: ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಮೊದಲು ಎರಡು ಪವರ್‌ಲೂಮ್ ಇದ್ದವು. ಈಗ ಒಂದು ಸಣ್ಣ ಬೆಂಚ್ ಮಿಲ್ಲಿಂಗ್ ಮಷೀನ್ ಇಟ್ಟುಕೊಂಡಿದ್ದೇನೆ. ಟೇಬಲ್ 390 ಮಿ.ಮೀ. ಉದ್ದ, 92 ಮಿ.ಮೀ. ಅಗಲ. ಓಟ ಎಕ್ಸ್‌ನಲ್ಲಿ (ಎಡಬಲ) 220, ವೈಯಲ್ಲಿ (ಹಿಂದೆಮುಂದೆ) 100, ಝಡ್‌ನಲ್ಲಿ (ಮೇಲೆಕೆಳಗೆ) 180. ಹ್ಯಾಂಡಲ್ ಒಂದು ಸುತ್ತಿಗೆ ಟೇಬಲ್ 2 ಮಿ.ಮೀ. ಸರಿಯುತ್ತದೆ. ಆದರೆ ದಿಕ್ಕು ಬದಲಿಸಿದಾಗ ಕಾಲು ಸುತ್ತು ಖಾಲಿ ತಿರುಗುತ್ತದೆ. ಲೂಮಿನ ಬೇರಿಂಗ್ ಕವರ್, ಫ್ಲ್ಯಾಂಜ್ ಮಾಡುವಾಗ ಸುತ್ತು ಎಣಿಸುವುದು ತಪ್ಪಿ ಜಾಬ್ ಹಾಳಾಗುತ್ತಿದೆ. ಟೇಬಲ್ ಎಷ್ಟು ಸರಿಯಿತೆಂದು ಅಂಕಿಯಲ್ಲಿ ತೋರಿಸುವ ಡಿಜಿಟಲ್ ರೀಡ್‌ಔಟ್ (ಡಿಆರ್‌ಒ) ಹಾಕಿದರೆ ಈ ಪ್ಲೇ ಹೋಗುತ್ತದೆಯೇ? ಗ್ಲಾಸ್ ಸ್ಕೇಲ್ ಕೊಳ್ಳಲೋ, ಅಗ್ಗದ ಕ್ಯಾಲಿಪರ್ ಥರದ್ದು ಸಾಕೋ? ನಾನೇ ಕೂರಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಧಾರಾಳವಾಗಿ ನೀವೇ ಕೂರಿಸಬಹುದು. ಟ್ಯಾಪ್ ಹೊಡೆಯಲು ಬರುತ್ತದೆ, ಡಯಲ್ ಗೇಜ್ ಓದಲು ಬರುತ್ತದೆ ಅಂದರೆ ಬೇರೆ ವಿದ್ಯೆ ಬೇಕಿಲ್ಲ. ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಪ್ಲೇ ಹೋಗುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಹೋಗುತ್ತದೆಂದು ನಂಬಿ ದುಡ್ಡು ಹಾಕಿ, ಆಮೇಲೆ ಡಿಆರ್‌ಒಗೆ ಬೈದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಹ್ಯಾಂಡಲಿನ ಮೇಲಿನ ಗೆರೆಗಳು ಎಣಿಸುವುದು ಸ್ಕ್ರೂ ಎಷ್ಟು ತಿರುಗಿತು ಎಂಬುದನ್ನು. ಟೇಬಲ್ ಸರಿಯಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಡಿಆರ್‌ಒ ಸ್ಕ್ರೂ ಕಡೆ ತಿರುಗಿಯೂ ನೋಡುವುದಿಲ್ಲ. ಅದು ನೋಡುವುದು ಟೇಬಲನ್ನು ಮಾತ್ರ. ನಿಮ್ಮ ಹ್ಯಾಂಡಲ್ ಕಾಲು ಸುತ್ತು, ಅಂದರೆ ಅರ್ಧ ಮಿ.ಮೀ., ಖಾಲಿ ತಿರುಗುವಾಗ ಡಿಸ್‌ಪ್ಲೇಯ ಅಂಕಿ ಕದಲುವುದಿಲ್ಲ. ಟೇಬಲ್ ಹೊರಟಾಗಲೇ ಅಂಕಿಯೂ ಹೊರಡುತ್ತದೆ. ಆದ್ದರಿಂದ ಸುತ್ತು ಎಣಿಸುವ ತಲೆನೋವು, ಯಾವಾಗಲೂ ಒಂದೇ ಕಡೆಯಿಂದ ಬರಬೇಕೆಂಬ ಕಟ್ಟುಪಾಡು, ಎರಡೂ ಹೋಗುತ್ತವೆ. ಆದರೆ ನಟ್ಟಿನೊಳಗಿನ ಸಡಿಲು ಇದ್ದಲ್ಲೇ ಇರುತ್ತದೆ. ಕಟರ್ ಹಲ್ಲು ಓಡುವ ದಿಕ್ಕಿಗೇ ಜಾಬನ್ನೂ ಸರಿಸಿದಿರೋ, ಅಂದರೆ ಕ್ಲೈಂಬ್ ಮಿಲ್ಲಿಂಗ್ ಮಾಡಿದಿರೋ, ಕಟರ್ ಟೇಬಲನ್ನು ಆ ಅರ್ಧ ಮಿ.ಮೀ. ಸರಕ್ಕನೆ ಎಳೆದುಕೊಳ್ಳುತ್ತದೆ. ಡಿಆರ್‌ಒ ಅದನ್ನೂ ತೋರಿಸುತ್ತದೆ, ಜಾಬ್ ಕೆಟ್ಟ ಮೇಲೆ. ಇಂಥ ಮಷೀನುಗಳ ಹಿತ್ತಾಳೆ ನಟ್ಟಿಗೆ ಎಷ್ಟೋ ಸಲ ಒಂದು ಸೀಳು, ಅದನ್ನು ಬಿಗಿಯುವ ಸ್ಕ್ರೂ ಇರುತ್ತದೆ. ಇದ್ದರೆ ಬಿಗಿದು ಪ್ಲೇ 0.1 ಮಿ.ಮೀ. ಆಸುಪಾಸಿಗೆ ತನ್ನಿ. ಅಷ್ಟು ಸಾಕು. ಪೂರ್ತಿ ಸೊನ್ನೆ ಮಾಡಲು ಹೋದರೆ ಹ್ಯಾಂಡಲ್ ತಿರುಗುವುದೇ ಇಲ್ಲ.

ನಟ್ಟಿಗಿಂತ ಮುಖ್ಯವಾದದ್ದು ಗಿಬ್, ಅಂದರೆ ಸ್ಲೈಡಿನ ಸಡಿಲನ್ನು ಬಿಗಿಯುವ ಪಟ್ಟಿ. ಸ್ಕೇಲ್ ಆರ್ಡರ್ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ನಮ್ಮ ಶಾಪ್‌ಗಳಲ್ಲಿ ಪಪ್ಪಿ ಡಯಲ್ ಅನ್ನುತ್ತೇವಲ್ಲ, ಆ ಲಿವರ್ ಡಯಲನ್ನು ಮಷೀನಿನ ಹೆಡ್ಡಿಗೆ ಕಟ್ಟಿ, ತುದಿಯನ್ನು ಟೇಬಲಿನ ಮುಂದಿನ ಅಂಚಿಗೆ, ಒಂದು ಕೊನೆಯ ಹತ್ತಿರ ಮುಟ್ಟಿಸಿ. ಈಗ ಟೇಬಲಿನ ಎರಡೂ ತುದಿ ಹಿಡಿದು, ಬಸ್ಸಿನ ಸ್ಟೇರಿಂಗ್ ತಿರುಗಿಸುವಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿ. ಮುಳ್ಳು 0.05 ಓಡಿತೇ? ಗಿಬ್ ಸಡಿಲ. ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ಹ್ಯಾಂಡಲ್ ತುಸು ಭಾರವೆನ್ನಿಸುವಲ್ಲಿ ನಿಲ್ಲಿಸಿ.

ಇದರ ಲೆಕ್ಕ ನೋಡಿದರೆ ಯಾಕೆ ಹೀಗೆ ಹಟ ಹಿಡಿಯುತ್ತೇನೆಂದು ತಿಳಿಯುತ್ತದೆ. 200 ಮಿ.ಮೀ. ಉದ್ದಕ್ಕೆ ಟೇಬಲ್ 0.05 ತಿರುಚುತ್ತದೆ ಎನ್ನೋಣ. ಸ್ಕೇಲ್ ಇರುವ ಜಾಗಕ್ಕೂ ಕಟರ್ ಕೊರೆಯುವ ಜಾಗಕ್ಕೂ 80 ಮಿ.ಮೀ. ಅಂತರ. ಆಗ ಕಟರ್ ಹತ್ತಿರ 0.02 ಮಿ.ಮೀ. ತಪ್ಪು, ಡಿಸ್‌ಪ್ಲೇಯಲ್ಲಿ ಮಾತ್ರ ಎಲ್ಲಾ ಸರಿ. ಅಳೆಯುವ ಗೆರೆ ಮತ್ತು ಅಳೆಸಿಕೊಳ್ಳುವ ಗೆರೆ ಒಂದೇ ಸಾಲಿನಲ್ಲಿ ಇರಬೇಕು ಎಂದು ಜರ್ಮನಿಯ ಅರ್ನ್‌ಸ್ಟ್ ಅಬೆ 1890ರಲ್ಲೇ ಹೇಳಿಟ್ಟಿದ್ದಾನೆ. ಮಿಲ್ಲಿಂಗ್ ಮಷೀನಿನಲ್ಲಿ ಅದು ಸಾಧ್ಯವಿಲ್ಲ, ಜಾಬಿನ ನಡುವೆ ಸ್ಕೇಲ್ ಇಡಲಾಗುವುದಿಲ್ಲ. ಹಾಗಾಗಿ ತಿರುಚುವಿಕೆಯನ್ನೇ ಕಡಿಮೆ ಮಾಡಬೇಕು. 5 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿ.ಮೀ.ಯ ಸಾವಿರದ ಒಂದು ಪಾಲು) ಸ್ಕೇಲ್ ತಂದು 20 ಮೈಕ್ರಾನಿನ ಗಿಬ್ ಮೇಲೆ ಕೂರಿಸಿ ಏನು ಬಂತು?

ಇನ್ನು ಯಾವ ಸ್ಕೇಲ್ ಎಂಬ ಮಾತು. ನಿಮ್ಮ ಮುಂದೆ ಮೂರು ಜಾತಿ ಇವೆ. ಕ್ಯಾಲಿಪರ್ ಥರದ್ದು ಕೆಪ್ಯಾಸಿಟಿವ್, ಓದುವುದು 10 ಮೈಕ್ರಾನ್ ಹೆಜ್ಜೆಯಲ್ಲಿ, ನಡೆಯುವುದು ಒಂದು ಬಟನ್ ಸೆಲ್ ಮೇಲೆ, ಬೆಲೆ ಎಲ್ಲಕ್ಕಿಂತ ಕಡಿಮೆ. ಎಣ್ಣೆ ನೀರು ಬಿದ್ದರೆ ಅದರ ಅಂಕಿ ಹುಚ್ಚೆದ್ದು ಕುಣಿಯುತ್ತದೆ. ಗ್ಲಾಸ್ ಸ್ಕೇಲಿನಲ್ಲಿ ಗಾಜಿನ ಪಟ್ಟಿಯ ಮೇಲೆ 20 ಮೈಕ್ರಾನಿಗೊಂದು ಗೆರೆ. ಬೆಳಕು ಅದರ ಮೂಲಕ ಹಾಯ್ದು ಎರಡು ಸಿಗ್ನಲ್ ಆಗುತ್ತದೆ, ಒಂದಕ್ಕಿಂತ ಇನ್ನೊಂದು ಕಾಲು ಹೆಜ್ಜೆ ಹಿಂದೆ. ಆ ಎರಡರ ಏರು ಇಳಿತ ಎಣಿಸಿದರೆ ಒಂದು ಗೆರೆಗೆ ನಾಲ್ಕು ಎಣಿಕೆ, ಅಲ್ಲಿಗೆ 5 ಮೈಕ್ರಾನ್. ಯಾವುದು ಮುಂದೆ ಯಾವುದು ಹಿಂದೆ ಎಂಬುದರಿಂದಲೇ ಟೇಬಲ್ ಹೋಗುತ್ತಿರುವ ದಿಕ್ಕು ಗೊತ್ತಾಗುತ್ತದೆ. ಮೂರನೆಯದು ಮ್ಯಾಗ್ನೆಟಿಕ್ ಟೇಪ್. ತೆಳ್ಳಗಿರುತ್ತದೆ, ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು, ಎಣ್ಣೆಗೆ ಹೆದರುವುದಿಲ್ಲ. ಆದರೆ ಉಕ್ಕಿನ ಚೂರು ಬಂದು ಅಂಟಿಕೊಳ್ಳುತ್ತದೆ. ಮ್ಯಾಗ್ನೆಟ್ ಬೇಸ್ ಡಯಲ್ ಸ್ಟ್ಯಾಂಡನ್ನು ಮರೆತು ಅದರ ಮೇಲೆ ಇಟ್ಟಿರೋ, ಟೇಪಿನ ಕಥೆ ಮುಗಿಯಿತು.

ನನ್ನ ಸಲಹೆ: ಎಕ್ಸ್, ವೈ ಎರಡಕ್ಕೂ ಸ್ಲಿಮ್ ಗ್ಲಾಸ್ ಸ್ಕೇಲ್ ಮತ್ತು ಎರಡು ಆ್ಯಕ್ಸಿಸ್ ಡಿಸ್‌ಪ್ಲೇ. ಝಡ್‌ಗೆ ಅಗ್ಗದ ಕ್ಯಾಲಿಪರ್ ಥರದ್ದು, ಅದರದೇ ಪುಟ್ಟ ಡಿಸ್‌ಪ್ಲೇ ಜೊತೆಗೆ ಇರುತ್ತದೆ. ಸಾಮಾನ್ಯ ಡಿಆರ್‌ಒ ಡಬ್ಬಿಗೆ ಕ್ಯಾಲಿಪರ್ ಸ್ಕೇಲಿನ ವೈರ್ ಚುಚ್ಚಿದರೆ ನಡೆಯುವುದಿಲ್ಲ, ಎರಡರ ಭಾಷೆಯೇ ಬೇರೆ. ಝಡ್‌ನಲ್ಲಿ ಯಾಕೆ ಅಗ್ಗದ್ದು ಸಾಕು ಅಂದರೆ, ಈ ಅಳತೆಯ ಮಷೀನುಗಳಲ್ಲಿ ಇಡೀ ಹೆಡ್ಡೇ ಕಾಲಮ್ ಮೇಲೆ ಏರಿಳಿಯುತ್ತದೆ. ಲಾಕ್ ಬಿಗಿದಾಗ ಅದು ಒಂದೆರಡು ನೂರಾಂಶ ಅಲ್ಲಾಡಿಯೇ ಅಲ್ಲಾಡುತ್ತದೆ. ಅಲ್ಲಿ 5 ಮೈಕ್ರಾನಿಗೆ ದುಡ್ಡು ಸುರಿಯುವುದು ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ.

ನಿಮ್ಮ ಓಣಿಯ ವಿಷಯವೂ ನನ್ನ ತಲೆಯಲ್ಲಿದೆ. ವಡಗಾವಿ, ಖಾಸಬಾಗ ಅಂದರೆ ಅಕ್ಕಪಕ್ಕ ಇನ್ನೂ ಮಗ್ಗ ಓಡುತ್ತಿರುತ್ತವೆ. ನೂಲಿನ ನವಿರು ಧೂಳು ಗಾಳಿಯಲ್ಲೇ ಇರುತ್ತದೆ. ಅದು ಮಷೀನಿನ ಎಣ್ಣೆಗೆ ಅಂಟಿ, ಸ್ಕೇಲಿನ ಸೀಳನ್ನು ಮುಚ್ಚುವ ರಬ್ಬರ್ ತುಟಿಗಳ ನಡುವೆ ಸೇರಿ, ಒಳಗಿನ ಗಾಜಿನ ಮೇಲೆ ಎಣ್ಣೆಬತ್ತಿಯಾಗಿ ಕೂತರೆ ಅಂಕಿ ನಡುನಡುವೆ ಹಾರುತ್ತದೆ. ಅದಕ್ಕೇ ಸ್ಕೇಲಿನ ತುಟಿ ಯಾವತ್ತೂ ಕೆಳಮುಖವಾಗಿರಲಿ, ಮೇಲೊಂದು ಅಲ್ಯೂಮಿನಿಯಮ್ ಆ್ಯಂಗಲ್ ಸೂರು ಇರಲಿ. ಏರ್ ಗನ್ನಿನಿಂದ ಆ ಕಡೆ ಊದಲೇಬೇಡಿ, ಬ್ರಷ್ ಸಾಕು. ಪಕ್ಕದ ಮನೆ ಮಗ್ಗ ಹೊಡೆಯುವಾಗ ಕೊನೆಯ ಅಂಕಿ 0 ಮತ್ತು 5ರ ನಡುವೆ ಮಿನುಗಿದರೆ ಗಾಬರಿ ಬೇಡ. ಎರಡು ಎಣಿಕೆಗಳ ಗಡಿಯ ಮೇಲೆ ಟೇಬಲ್ ನಿಂತಿದೆ, ನೆಲ ನಡುಗುತ್ತಿದೆ, ಅಷ್ಟೇ.

ಉದ್ದ ಆರಿಸುವಾಗ ನಾನು ಪಟ್ಟ ಪಾಡು ಕೇಳಿ. ಮೊದಲ ಸಲ ನನ್ನ ಮಷೀನಿಗೆ ಕೂರಿಸುವಾಗ ಓಟವನ್ನು ಅಳೆದೆ, ಸ್ಕೇಲ್ ತಂದೆ, ಚೆಂದ ಕೂರಿಸಿದೆ. ಅಳೆಯುವಾಗ ಟೇಬಲಿನ ಮುಂದೆ ಒಂದು ಸ್ಟಾಪ್ ಕಟ್ಟಿದ್ದದ್ದು ನೆನಪಿರಲಿಲ್ಲ. ತಿಂಗಳ ಮೇಲೆ ಉದ್ದ ಜಾಬ್ ಬಂತು, ಸ್ಟಾಪ್ ಬಿಚ್ಚಿದೆ, ಹ್ಯಾಂಡಲ್ ತಿರುಗಿಸಿದೆ. ಸಣ್ಣದೊಂದು 'ಟಿಕ್' ಸದ್ದು. ಅಂಕಿ ನಿಂತೇ ಹೋಯಿತು. ಸ್ಕೇಲಿನ ಮೇಲೆ ಓಡುವ ರೀಡರ್ ಹೆಡ್ ಹೋಗಿ ಕೊನೆಯ ಮುಚ್ಚಳಕ್ಕೆ ಗುದ್ದಿ, ಒಳಗೆ ಗಾಜು ಬಿರುಕು ಬಿಟ್ಟಿತ್ತು. ಆದ್ದರಿಂದ ಎಲ್ಲ ಸ್ಟಾಪ್ ಬಿಚ್ಚಿ, ಟೇಬಲನ್ನು ಕಬ್ಬಿಣಕ್ಕೆ ಕಬ್ಬಿಣ ತಾಗುವ ತನಕ ಓಡಿಸಿ ಅಳೆಯಿರಿ. ಅದಕ್ಕೆ 30 ಮಿ.ಮೀ. ಆದರೂ ಸೇರಿಸಿ. ನಿಮ್ಮ 220ಕ್ಕೆ 250ರ ಸ್ಕೇಲ್ ಸರಿಹೋಗುತ್ತದೆ. 250 ಅಂದರೆ ಅಳೆಯುವ ಉದ್ದ ಮಾತ್ರ. ಮುಚ್ಚಳ, ಕಿವಿ ಎಲ್ಲ ಸೇರಿ ಒಟ್ಟು ಉದ್ದ ಅದಕ್ಕಿಂತ ನೂರು ಮಿ.ಮೀ.ಗೂ ಮಿಕ್ಕಿ ಹೆಚ್ಚಿರಬಹುದು. ನಿಮ್ಮ ಟೇಬಲ್ 390. ಡ್ರಾಯಿಂಗ್ ನೋಡದೆ ದುಡ್ಡು ಕೊಡಬೇಡಿ.

ಎಕ್ಸ್ ಸ್ಕೇಲ್ ಟೇಬಲಿನ ಮುಂದೋ ಹಿಂದೋ? ದೊಡ್ಡ ಮಷೀನಿಗಾದರೆ ಕಣ್ಣು ಮುಚ್ಚಿ ಹಿಂದೆ ಅನ್ನುತ್ತಿದ್ದೆ, ಚೂರಿನಿಂದ, ಕೈಯಿಂದ ದೂರ. ನಿಮ್ಮದರಲ್ಲಿ ಹಿಂದೆ ಹಾಕಿದರೆ ಸ್ಕೇಲ್, ಹೆಡ್, ಸೂರು ಸೇರಿ ಸುಮಾರು 25 ರಿಂದ 30 ಮಿ.ಮೀ. ದಪ್ಪವಾಗಿ ಅದು ಕಾಲಮ್‌ಗೆ ಬಡಿಯುತ್ತದೆ. ಇರುವುದೇ 100 ಮಿ.ಮೀ. ವೈ ಓಟ, ಅದರಲ್ಲಿ ಕಾಲು ಭಾಗ ದಾನ ಮಾಡುವುದೇ? ಮುಂದೆಯೇ ಹಾಕಿ. ಗಿಬ್ ಸ್ಕ್ರೂ, ಟೇಬಲ್ ಲಾಕ್ ಮುಂದಿದ್ದರೆ ಸ್ಕೇಲನ್ನು ಅವುಗಳ ಮೇಲ್ಗಡೆ ಸಾಲಿಗೆ ಎತ್ತಿ, ಲಾಕಿಗೆ ಉದ್ದನೆಯ ಸ್ಟಡ್ ಮಾಡಿಕೊಳ್ಳಿ. ಗಿಬ್ ಸ್ಕ್ರೂ ಮುಚ್ಚಿಹೋಗುವಂತೆ ಮಾತ್ರ ಕೂರಿಸಬೇಡಿ, ಆರು ತಿಂಗಳಿಗೊಮ್ಮೆ ಎಲ್ಲಾ ಬಿಚ್ಚಬೇಕಾಗುತ್ತದೆ.

ಈಗ ಬ್ರಾಕೆಟ್. ಡಬ್ಬಿಯಲ್ಲಿ ಬರುವ ತೆಳು ತಗಡಿನ ಬ್ರಾಕೆಟ್ಟುಗಳನ್ನು ಪಕ್ಕಕ್ಕಿಡಿ, ಅವು ಯಾವ ಮಷೀನಿಗೂ ಸರಿಯಾಗಿ ಕೂರುವುದಿಲ್ಲ. ತೊಂದರೆ ಇರುವುದು ಕಾಸ್ಟಿಂಗಿನಲ್ಲಿ. ಟೇಬಲಿನ ಅಂಚು ಮಷೀನ್ ಮಾಡಿರುತ್ತದೆ, ಆದರೆ ಸ್ಯಾಡಲ್ (ಟೇಬಲಿನ ಕೆಳಗೆ ಹಿಂದೆಮುಂದೆ ಸರಿಯುವ ಭಾಗ), ಬೇಸ್ ಬರೀ ಬಣ್ಣ ಬಳಿದ ಒರಟು ಮೈ. ಅದರ ಮೇಲೆ ಎರಕದ ಅಚ್ಚಿನಿಂದ ಪ್ಯಾಟರ್ನ್ ಹೊರಬರಲೆಂದು ಕೊಟ್ಟ ಓರೆ, ಅಂದರೆ ಡ್ರಾಫ್ಟ್, ಬೇರೆ. ಉದ್ಯಮಬಾಗದಲ್ಲಿ ದಿನವೂ ಇಷ್ಟೊಂದು ಬೀಡು ಎರಕವಾಗುವ ಊರಿನವರಿಗೆ ಡ್ರಾಫ್ಟ್ ಅಂದರೇನೆಂದು ನಾನು ಹೇಳಬೇಕಿಲ್ಲ. ಆ ಓರೆಯ ಮೇಲೆ ನೇರ ಬೋಲ್ಟ್ ಬಿಗಿದರೆ ಸ್ಕೇಲೂ ಓರೆ.

ಉಪಾಯ ಹೀಗಿದೆ. 10 ಮಿ.ಮೀ. ದಪ್ಪದ ಅಲ್ಯೂಮಿನಿಯಮ್ ಪಟ್ಟಿ ತೆಗೆದುಕೊಂಡು ನಿಮ್ಮ ಮಷೀನಿನಲ್ಲೇ ಎರಡೂ ಮುಖ ಮಿಲ್ ಮಾಡಿ. ಅದನ್ನು ಒರಟು ಮೈಗೆ ಎರಡು ಎಂ5 ಬೋಲ್ಟಿನಿಂದ ಹಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಹಾಕಿ. ಬೋಲ್ಟ್ ಎಳೆಯುತ್ತದೆ, ಗ್ರಬ್ ತಳ್ಳುತ್ತದೆ. ಈ ಎಳೆತ ತಳ್ಳಾಟದಲ್ಲಿ ಪಟ್ಟಿಯನ್ನು ಯಾವ ಕೋನಕ್ಕೆ ಬೇಕಾದರೂ ತರಬಹುದು. ಮಟ್ಟಕ್ಕೆ ಬಂದ ಮೇಲೆ ಹಿಂದಿನ ಖಾಲಿ ಜಾಗಕ್ಕೆ ಎಂ-ಸೀಲ್ ತುಂಬಿ ಒಂದು ರಾತ್ರಿ ಬಿಡಿ. ನೀರಿನ ಪೈಪಿಗೆ ಹಚ್ಚುವ ಅದೇ ಎಂ-ಸೀಲ್. ಮುಂದೆ ಬಿಚ್ಚಬೇಕಾಗಬಹುದು ಎನ್ನಿಸಿದರೆ ಪಟ್ಟಿಯ ಹಿಂದೆ ಮೊದಲು ತೆಳುವಾಗಿ ಮೇಣ ಸವರಿ, ಅಂಟುವುದಿಲ್ಲ.

ತೂತು ಹೊಡೆಯುವ ಮುಂಚೆ ಸ್ಲೈಡುಗಳ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಟೇಪ್. ಬೀಡಿನ ಕರಿ ಪುಡಿ ಎಣ್ಣೆಯೊಂದಿಗೆ ಸೇರಿದರೆ ವಾಲ್ವ್ ಗ್ರೈಂಡಿಂಗ್ ಪೇಸ್ಟಿನಂತೆಯೇ ಸವೆಸುತ್ತದೆ. ಎಂ5ಕ್ಕೆ 4.2ರ ಡ್ರಿಲ್, ಒಣಗಿದ್ದಂತೆಯೇ ಹೊಡೆಯಿರಿ, ಎಣ್ಣೆ ಬೇಡ. ಟೇಬಲಿನ ಅಂಚಿನಲ್ಲಿ 10 ಮಿ.ಮೀ.ಗಿಂತ ಆಳ ಹೋಗಬೇಡಿ, ಡ್ರಿಲ್ಲಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಮೇಲೆ ಟಿ-ಸ್ಲಾಟ್ ಇದೆ, ಹಿಂದೆ ಸ್ಕ್ರೂ ಓಡುವ ಪೊಳ್ಳು ಇದೆ.

ಸ್ಕೇಲ್ ಪಟ್ಟಿಯ ಮೇಲೆ ಕೂತ ಮೇಲೆ ಡಯಲನ್ನು ಮಷೀನಿನ ಹೆಡ್ಡಿಗೆ ಕಟ್ಟಿ, ಸ್ಕೇಲಿನ ಮೇಲ್ಮುಖಕ್ಕೆ ಮುಟ್ಟಿಸಿ, ಟೇಬಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿ. ಮುಳ್ಳು 0.1ರ ಒಳಗೆ ಇರಬೇಕು, 0.05 ಆದರೆ ಇನ್ನೂ ಒಳ್ಳೆಯದು. ಆಮೇಲೆ ಮುಂದಿನ ಮುಖಕ್ಕೂ ಹಾಗೆಯೇ. ಇಲ್ಲೊಂದು ತಪ್ಪು ತಿಳುವಳಿಕೆ ಎಲ್ಲರಲ್ಲೂ ಇದೆ, ಸ್ಕೇಲ್ ಓರೆಯಾದರೆ ಅಳತೆ ತಪ್ಪುತ್ತದೆ ಎಂದು. ಲೆಕ್ಕ ಹಾಕಿ: 300 ಮಿ.ಮೀ.ಗೆ ಪೂರ್ತಿ 1 ಮಿ.ಮೀ. ಓರೆ ಇದ್ದರೂ ಅಳತೆಯಲ್ಲಿ ಬರುವ ವ್ಯತ್ಯಾಸ 2 ಮೈಕ್ರಾನೂ ಅಲ್ಲ. ಅಂಕಿಗಾಗಿ ಅಲ್ಲ ಈ ಮಟ್ಟ, ರೀಡರ್ ಹೆಡ್ಡಿಗಾಗಿ. ಒಳಗೆ ಒಂದು ಪುಟ್ಟ ಗಾಡಿ ಸಣ್ಣ ಬೇರಿಂಗುಗಳ ಮೇಲೆ ಗಾಜನ್ನು ಒತ್ತಿಕೊಂಡು ಓಡುತ್ತದೆ. ಸ್ಕೇಲ್ ಓರೆಯಾದರೆ ಪ್ರತಿ ಓಟದಲ್ಲೂ ಅದನ್ನು ಜಗ್ಗಿದಂತೆ. ವರ್ಷ ಎರಡು ವರ್ಷದಲ್ಲಿ ಅದು ಸೋಲುತ್ತದೆ.

ಹೆಡ್ಡಿನ ಬ್ರಾಕೆಟ್ಟಿನಲ್ಲೂ ಇದೇ ನ್ಯಾಯ. ಹೊಸ ಸ್ಕೇಲಿನಲ್ಲಿ ಹೆಡ್ಡನ್ನು ಸರಿಯಾದ ಅಂತರದಲ್ಲಿ ಹಿಡಿದಿಡಲು ಬಣ್ಣದ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಡಬ್ಬಿ ತೆರೆದ ಖುಷಿಗೆ ಅವನ್ನು ಕಿತ್ತು ಬಿಸಾಡಬೇಡಿ. ಕೊನೆಯ ಬೋಲ್ಟ್ ಬಿಗಿದ ಮೇಲೆಯೇ ತೆಗೆಯಬೇಕು. ಬ್ರಾಕೆಟ್ಟಿಗೂ ಹೆಡ್ಡಿಗೂ ನಡುವೆ ಕೂದಲೆಳೆ ಸಂದು ಉಳಿದರೆ, ಬೋಲ್ಟ್ ಬಿಗಿದು ಹೆಡ್ಡನ್ನು ಎಳೆದುಕೊಳ್ಳುವ ಆಸೆಯಾಗುತ್ತದೆ. ಎಳೆಯಬೇಡಿ. ತಂಪು ಪಾನೀಯದ ಅಲ್ಯೂಮಿನಿಯಮ್ ಡಬ್ಬಿ ಕತ್ತರಿಸಿದರೆ ಸುಮಾರು 0.1 ಮಿ.ಮೀ. ದಪ್ಪದ ಶಿಮ್ ಪುಕ್ಕಟೆ ಸಿಗುತ್ತದೆ. ಸಂದಿಗೆ ಅದನ್ನು ತುಂಬಿ, ಹೆಡ್ ಅಲುಗದಂತೆ ಬಿಗಿಯಿರಿ.

ಎಲ್ಲಾ ಆದ ಮೇಲೆ ಹೆಬ್ಬೆರಳಿನ ಪರೀಕ್ಷೆ. ಟೇಬಲ್ ಲಾಕ್ ಮಾಡಿ, ಅಂಕಿ ಸೊನ್ನೆ ಮಾಡಿ, ಬ್ರಾಕೆಟ್ಟನ್ನು ಹೆಬ್ಬೆರಳಿನಿಂದ ಓಟದ ದಿಕ್ಕಿಗೆ ಒತ್ತಿ ಬಿಡಿ. ಒತ್ತಿದಾಗ 0.005 ಹೋಗಿ, ಬಿಟ್ಟಾಗ ಸೊನ್ನೆಗೆ ಬಂದರೆ ಪಾಸ್. 0.02 ಹೋಯಿತೋ, ಬಿಟ್ಟ ಮೇಲೂ ಪೂರ್ತಿ ಹಿಂದೆ ಬರಲಿಲ್ಲವೋ, ಇನ್ನೊಂದು ಭಾನುವಾರ ಬೇಕು.

ವೈ ಸ್ಕೇಲ್ ಬೇಸಿನ ಬಲಗಡೆ, ಅದರ ಹೆಡ್ ಸ್ಯಾಡಲಿನಿಂದ ಇಳಿಬಿದ್ದ ಬ್ರಾಕೆಟ್ಟಿಗೆ. ಕೆಲಸ ಅದೇ, ಜಾಗ ಇಕ್ಕಟ್ಟು. ಸ್ಲಿಮ್ ಸ್ಕೇಲೂ ಹಿಡಿಸದಿದ್ದರೆ ಆ ಒಂದಕ್ಕೆ ಮ್ಯಾಗ್ನೆಟಿಕ್ ಹಾಕಬಹುದು. ಎರಡೂ ಟಿಟಿಎಲ್ (ಒಂದು ಬಗೆಯ ಡಿಜಿಟಲ್) ಸಿಗ್ನಲಿನವು, ಕನೆಕ್ಟರ್ ಒಂದೇ ಥರದ್ದು ಅಂತ ಖಾತ್ರಿ ಮಾಡಿಕೊಂಡರೆ ಒಂದೇ ಡಬ್ಬಿಗೆ ಹೊಂದುತ್ತವೆ. ಕೇಬಲ್ ಕಟ್ಟುವ ಮೊದಲು ಟೇಬಲನ್ನು ನಾಲ್ಕೂ ಮೂಲೆಗೆ ಓಡಿಸಿ ನೋಡಿ.

ಕರೆಂಟಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸಣ್ಣ ಮಷೀನುಗಳ ಡಿಸಿ ಮೋಟಾರಿನ ಸ್ಪೀಡ್ ಕಂಟ್ರೋಲರ್ ವೈರಿನಲ್ಲಿ ಗಲಾಟೆ ಎಬ್ಬಿಸುತ್ತದೆ. ಟೇಬಲ್ ಲಾಕ್ ಮಾಡಿ, ಮೋಟಾರನ್ನು ಹತ್ತು ಸಲ ಚಾಲೂ ಮಾಡಿ ಬಂದ್ ಮಾಡಿ. ಅಂಕಿ ಹಾರಿದರೆ ಸ್ಕೇಲ್ ಕೆಟ್ಟಿದೆ ಅನ್ನುವ ಮೊದಲು ಅರ್ಥಿಂಗ್ ನೋಡಿ. ಮಷೀನಿನ ಮೈ ಮತ್ತು ಡಿಸ್‌ಪ್ಲೇ ಡಬ್ಬಿ ಎರಡೂ ಒಂದೇ ಅರ್ಥಿಗೆ ಸೇರಿರಬೇಕು. ಹಳೆಯ ಶೆಡ್ಡಿನ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೆಸರಿಗಷ್ಟೇ ಇರುತ್ತದೆ. ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ನಾಲ್ಕು ಕೊಡ ನೀರು ಹಾಕಿದ ಮೇಲೆ 'ಸ್ಕೇಲ್ ತಾನೇ ರಿಪೇರಿ ಆಯ್ತ್ರಿ' ಅಂದವರಿದ್ದಾರೆ.

ಡಬ್ಬಿಯ ಸೆಟ್ಟಿಂಗಿನಲ್ಲಿ ಮೊದಲು ರೆಸಲ್ಯೂಷನ್ 5 ಮೈಕ್ರಾನ್ ಇದೆಯೇ ನೋಡಿ. ಆಮೇಲೆ ದಿಕ್ಕು: ಟೇಬಲ್ ಎಡಕ್ಕೆ ಹೋದಾಗ ಎಕ್ಸ್ ಹೆಚ್ಚಬೇಕು, ನಿಮ್ಮ ಕಡೆ ಬಂದಾಗ ವೈ ಹೆಚ್ಚಬೇಕು. ಉಲ್ಟಾ ಅನ್ನಿಸಬಹುದು, ಆದರೆ ಲೆಕ್ಕ ಕಟರಿನ ಕಡೆಯಿಂದ. ಜಾಬಿನ ಮೇಲೆ ಕಟರ್ ಬಲಕ್ಕೆ ಹೋದಂತೆ ತಾನೇ? ನಂತರ ಅಳತೆಯ ಖಾತ್ರಿ. ಗೊತ್ತಿದ್ದವರಿಂದ 100 ಮಿ.ಮೀ. ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು) ಒಂದು ದಿನಕ್ಕೆ ಕೇಳಿ ತನ್ನಿ. ಟೇಬಲಿಗೆ ಒಂದು ಆ್ಯಂಗಲ್ ಪ್ಲೇಟ್ ಬಿಗಿದು, ಸ್ಪಿಂಡಲಿಗೆ ಕಟ್ಟಿದ ಡಯಲನ್ನು ಅದಕ್ಕೆ ಮುಟ್ಟಿಸಿ, ಡಯಲೂ ಡಿಆರ್‌ಒವೂ ಸೊನ್ನೆ. ಟೇಬಲ್ ಸರಿಸಿ, ನಡುವೆ ಸ್ಲಿಪ್ ಇಟ್ಟು, ಡಯಲ್ ಮತ್ತೆ ಸೊನ್ನೆಗೆ ಬರುವಂತೆ ನಿಲ್ಲಿಸಿ. ಡಿಸ್‌ಪ್ಲೇ 100.000 ತೋರಿಸಬೇಕು, ಒಂದೆರಡು ಹೆಜ್ಜೆ ಆಚೀಚೆ ಪರವಾಗಿಲ್ಲ. ಹೆಚ್ಚು ತಪ್ಪಿದರೆ ಮೊದಲು ಗಿಬ್, ಬ್ರಾಕೆಟ್ ಮತ್ತೆ ನೋಡಿ. ಸೆಟ್ಟಿಂಗಿನಲ್ಲಿರುವ ಲೀನಿಯರ್ ಕಾಂಪೆನ್ಸೇಷನ್, ಅಂದರೆ ಅಂಕಿಯನ್ನೇ ಒಂದು ಪ್ರಮಾಣದಲ್ಲಿ ತಿದ್ದುವುದು, ಕೊನೆಯ ಮದ್ದು.

ಇಷ್ಟೆಲ್ಲಾ ಮಾಡಿಯೂ ಜಾಬ್ ತಪ್ಪಿದರೆ ಒಮ್ಮೆ ಅದನ್ನು ಕೈಯಿಂದ ಮುಟ್ಟಿ ನೋಡಿ. ಈಗಷ್ಟೇ ಕೊರೆದ, 20 ಡಿಗ್ರಿ ಬಿಸಿಯೇರಿದ ಅಲ್ಯೂಮಿನಿಯಮ್ 100 ಮಿ.ಮೀ.ಗೆ 0.046 ಮಿ.ಮೀ. ಹಿಗ್ಗಿರುತ್ತದೆ. ತಣ್ಣಗಾದ ಮೇಲೆ ಅಳೆದು ಡಿಆರ್‌ಒ ಮೇಲೆ ತಪ್ಪು ಹೊರಿಸಬೇಡಿ.

ನಿಮ್ಮ ಫ್ಲ್ಯಾಂಜನ್ನೇ ತೆಗೆದುಕೊಳ್ಳೋಣ, 60ರ ಪಿಸಿಡಿಯಲ್ಲಿ, ಅಂದರೆ 60 ಮಿ.ಮೀ. ವ್ಯಾಸದ ವೃತ್ತದ ಮೇಲೆ, ಆರು ತೂತು. ಸ್ಪಿಂಡಲಿಗೆ ಹಾಕಿ ಅಂಚು ಹುಡುಕುವ 10 ಮಿ.ಮೀ. ಎಡ್ಜ್ ಫೈಂಡರನ್ನು ಎಡ ಅಂಚಿಗೆ ಮುಟ್ಟಿಸಿ ಎಕ್ಸ್ ಸೊನ್ನೆ ಮಾಡಿ, ಬಲ ಅಂಚಿಗೆ ಮುಟ್ಟಿಸಿ ಅರ್ಧದ ಬಟನ್ ಒತ್ತಿ, ಸೊನ್ನೆಗೆ ಬನ್ನಿ. ವೈಗೂ ಹಾಗೆಯೇ. ಈಗ ನಡು ಸಿಕ್ಕಿತು. ಮೊದಲ ತೂತು ಎಕ್ಸ್ 30, ವೈ 0. ಎರಡನೆಯದು ಎಕ್ಸ್ 15, ವೈ 25.980. ಮೂರನೆಯದು ಎಕ್ಸ್ ಮೈನಸ್ 15, ವೈ ಅದೇ. ಹೀಗೆ ಸುತ್ತು ಹಾಕಿ ಬನ್ನಿ. ಪಿಸಿಡಿ ಬಟನ್ ಇದ್ದರೆ ಇದನ್ನೂ ಡಬ್ಬಿಯೇ ಲೆಕ್ಕ ಹಾಕುತ್ತದೆ, ಆದರೂ ಮೊದಲೆರಡು ಜಾಬ್ ಕಾಗದದ ಮೇಲೆ ಬರೆದುಕೊಂಡೇ ಮಾಡಿ. ಪ್ರತಿ ತೂತಿಗೂ ಟೇಬಲ್ ಲಾಕ್ ಮಾಡಿ, ಲಾಕ್ ಮಾಡಿದ ಮೇಲೆ ಅಂಕಿಯನ್ನು ಇನ್ನೊಮ್ಮೆ ನೋಡಿ.

ಆರರಲ್ಲಿ ನಾಲ್ಕು ತೂತು ಆದಾಗ ಕರೆಂಟ್ ಹೋಗುತ್ತದೆ, ಹೋಗಿಯೇ ಹೋಗುತ್ತದೆ. ಆಗ ಹ್ಯಾಂಡಲ್ ಮುಟ್ಟಬೇಡಿ. ಎಷ್ಟೋ ಡಬ್ಬಿಗಳು ಆರಿದಾಗಿನ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತವೆ, ಆದರೆ ಕತ್ತಲೆಯಲ್ಲಿ ನೀವು ಟೇಬಲ್ ಸರಿಸಿದ್ದು ಅವಕ್ಕೆ ತಿಳಿಯುವುದಿಲ್ಲ. ಸ್ಕೇಲಿನಲ್ಲಿ ರೆಫರೆನ್ಸ್ ಮಾರ್ಕ್ (ಜಾಗ ಬದಲಿಸದ ಗುರುತು) ಇದ್ದರೆ ಜಾಬ್ ಶುರು ಮಾಡುವಾಗಲೇ ಆ ಗುರುತಿನ ಮೇಲೆ ಹಾಯಿಸಿ, ಅಲ್ಲಿ ಎಕ್ಸ್ ಎಷ್ಟು, ವೈ ಎಷ್ಟು ಎಂದು ಸೀಮೆಸುಣ್ಣದಿಂದ ಮಷೀನಿನ ಕಾಲಮ್ ಮೇಲೆ ಬರೆದಿಡಿ. ಕರೆಂಟ್ ಬಂದ ಮೇಲೆ ಮತ್ತೆ ಆ ಗುರುತಿಗೆ ಹೋಗಿ ಅದೇ ಅಂಕಿ ತುಂಬಿದರೆ ಐದನೆಯ ತೂತು ತನ್ನ ಜಾಗದಲ್ಲೇ ಬೀಳುತ್ತದೆ.